ಬೋರ್ಡು ಇಳಿಸಿದ ಮೇಲೆ

ನಮ್ಮ ಮಲೆನಾಡಿನಲ್ಲಿ ಡಾಕ್ಟರು ಬೋರ್ಡು ಇಳಿಸಿದರೂ ಜನ ಒಪ್ಪುವುದಿಲ್ಲ. ಸಕಲೇಶಪುರದ ಸಂತೆಯಲ್ಲಿ ಬೀನ್ಸ್ ಆರಿಸುತ್ತ ನಿಂತಿರುತ್ತೇನೆ. ಪಕ್ಕಕ್ಕೆ ಬಂದ ಅಜ್ಜಿಯೊಬ್ಬರು ಎಲೆಅಡಿಕೆ ಚೀಲ ಬಿಚ್ಚಿ, ಸುಣ್ಣದ ಡಬ್ಬಿಯ ಅಡಿಯಿಂದ ನಾಲ್ಕು ಮಡಿಕೆಯ ಇಸಿಜಿ ತೆಗೆದು ಮುಂದೆ ಹಿಡಿಯುತ್ತಾರೆ. ‘ಡಾಕ್ಟ್ರಮ್ಮ, ಹಾಸನ್ದಲ್ಲಿ ತೆಗ್ದಿದ್ದು. ಏನೂ ಇಲ್ಲ ಅಂದ್ರು. ನೀವೊಂದ್ಸಲ ನೋಡಿ ಹೇಳಿದ್ರೆ ಮನಸ್ಸಿಗೆ ಸಮಾಧಾನ.’ ಪ್ರಾಕ್ಟೀಸ್ ಬಿಟ್ಟಿದ್ದೀನಿ ಕಣವ್ವ ಎಂದರೆ, ‘ಬಿಟ್ರೆ ಓದಿದ್ದು ಮರ್ತೋಗುತ್ತಾ?’ ಎಂದು ಕೇಳುತ್ತಾರೆ.

ಮರೆತುಹೋಗುವುದಿಲ್ಲ. ಹಾಗಾದರೆ ಅದನ್ನು ಏನು ಮಾಡಬೇಕು? ನನ್ನ ವಾರಿಗೆಯ ಡಾಕ್ಟರುಗಳು ಒಟ್ಟಿಗೆ ಸೇರಿದಾಗಲೆಲ್ಲ ಮಾತು ಸುತ್ತಿ ಬಳಸಿ ಇಲ್ಲಿಗೇ ಬರುತ್ತದೆ. ಕೆಲವರು ಮಕ್ಕಳಿರುವ ಊರಿಗೆ ಹೊರಟುಹೋಗಿದ್ದಾರೆ. ಕೆಲವರು ಹಿರಿಯರು ಬಿಟ್ಟುಹೋದ ಕಾಫಿ ತೋಟಕ್ಕೆ ಮರಳಿ, ಹೂಮಳೆ ಬಂತೇ, ಮೆಣಸಿಗೆ ಸೊರಗು ರೋಗ ಬಂತೇ ಎಂಬ ಚಿಂತೆಗೆ ಬದುಕನ್ನು ಒಪ್ಪಿಸಿದ್ದಾರೆ. ಇನ್ನು ಕೆಲವರು ‘ಸಂಜೆ ಎರಡು ಗಂಟೆ ಮಾತ್ರ’ ಎಂದು ಹೇಳಿಕೊಂಡು ಮೊದಲಿನಷ್ಟೇ ದುಡಿಯುತ್ತಿದ್ದಾರೆ. ಮೂರೂ ಗೌರವದ ದಾರಿಗಳೇ. ಆದರೆ ಇವುಗಳ ನಡುವೆ ನಮ್ಮ ಕಡೆಯವರು ಅಷ್ಟಾಗಿ ಹಿಡಿಯದ ಇನ್ನೊಂದು ದಾರಿ ಇದೆ ಎಂದು ನನಗೆ ದಿನೇ ದಿನೇ ಗಟ್ಟಿಯಾಗಿ ಅನ್ನಿಸುತ್ತಿದೆ.

ಸರ್ಕಾರಿ ಡಾಕ್ಟರಿಗೆ ನಿವೃತ್ತಿಯ ದಿನ ಗೊತ್ತಿರುತ್ತದೆ. ರಾಜ್ಯ ಸೇವೆಯಲ್ಲಿ 60 ತುಂಬಿದ ತಿಂಗಳಿಗೆ ಹಾರ, ಶಾಲು, ಹಣ್ಣಿನ ಬುಟ್ಟಿ. ಕೇಂದ್ರ ಸರ್ಕಾರ 2016ರಲ್ಲಿ ತನ್ನ ವೈದ್ಯರ ವಯೋಮಿತಿಯನ್ನು 65ಕ್ಕೆ ಏರಿಸಿತು. ಸ್ವಂತ ಕ್ಲಿನಿಕ್ ಇಟ್ಟವರಿಗೆ ಇಂಥ ತಾರೀಕು ಇಲ್ಲ. ದೇಹವೇ ತಾರೀಕು ಹೇಳಬೇಕು. ನಡುರಾತ್ರಿ ಬಾಗಿಲು ಬಡಿದಾಗ ಮಂಡಿ ಒಮ್ಮೆಗೇ ಎದ್ದು ನಿಲ್ಲುವುದಿಲ್ಲ. ಹೊಲಿಗೆ ಹಾಕುವಾಗ ಕನ್ನಡಕದ ಮೇಲೆ ಕನ್ನಡಕ ಬೇಕೆನ್ನಿಸುತ್ತದೆ. ಹೆರಿಗೆ ಮಾಡಿಸುವವರಿಗೆ ಇದು ಇನ್ನೂ ಬೇಗ ತಿಳಿಯುತ್ತದೆ. ಮಗುವಿನ ತಲೆ ಕಂಡ ಮೇಲೆ ‘ಸ್ವಲ್ಪ ತಡೆ, ಸುಧಾರಿಸಿಕೊಳ್ಳುತ್ತೇನೆ’ ಎನ್ನುವ ಹಾಗಿಲ್ಲ. ಕೈ ಇನ್ನೂ ನಂಬಿಕೆಗೆ ಅರ್ಹವಾಗಿರುವಾಗಲೇ ನಿಲ್ಲಿಸುವುದು ರೋಗಿಗೆ ತೋರಿಸುವ ಮರ್ಯಾದೆ ಎಂದು ನಂಬಿದವಳು ನಾನು.

ನಿಲ್ಲಿಸುವುದೂ ಒಂದು ಕೆಲಸವೇ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ಪಡೆದ ನೋಂದಣಿಯನ್ನು ಹಿಂತಿರುಗಿಸಬೇಕು. ಸ್ಕ್ಯಾನಿಂಗ್ ಯಂತ್ರವಿದ್ದರೆ ಅದನ್ನು ಹಳೆಯ ಬೀರುವಿನ ಹಾಗೆ ಕಂಡವರಿಗೆ ಮಾರುವಂತಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯಿದೆ ಪ್ರಕಾರ ಯಂತ್ರ ಯಾರ ಕೈಗೆ ಹೋಗುತ್ತದೆ ಎಂಬುದು ಅಧಿಕಾರಿಗಳ ದಾಖಲೆಯಲ್ಲಿರಬೇಕು. ಒಳರೋಗಿಗಳ ಕಾಗದಗಳನ್ನು ಮೂರು ವರ್ಷ ಜೋಪಾನ ಮಾಡಬೇಕು. ಎಲ್ಲಕ್ಕಿಂತ ಮುಖ್ಯ, ವರ್ಷಾನುಗಟ್ಟಲೆ ಮಾತ್ರೆ ತೆಗೆದುಕೊಳ್ಳುತ್ತಿರುವ ಸಕ್ಕರೆ ಕಾಯಿಲೆಯವರನ್ನು, ಬಿಪಿಯವರನ್ನು, ಮೂರ್ಛೆ ರೋಗದವರನ್ನು ನಡುದಾರಿಯಲ್ಲಿ ಬಿಡದೆ ಇನ್ನೊಬ್ಬರ ಕೈಗೆ ಒಪ್ಪಿಸಬೇಕು. ಪ್ರತಿಯೊಬ್ಬರ ಚೀಟಿಯ ಹಿಂದೆ ಅವರ ಕಥೆಯನ್ನು ನಾಲ್ಕು ಸಾಲಿನಲ್ಲಿ ಬರೆದುಕೊಡಬೇಕು. ಬರೆಯಲು ಕೂತಾಗ ಚೀಟಿಯಲ್ಲಿ ಇಲ್ಲದ್ದು ನಮಗೆ ಎಷ್ಟು ಗೊತ್ತಿದೆ ಎಂಬುದು ತಿಳಿಯುತ್ತದೆ. ಈಕೆಯ ಬಿಪಿ ಏರುವುದು ಗಂಡ ಊರಿಗೆ ಬಂದ ವಾರ. ಆತ ಮಾತ್ರೆ ಬಿಡುವುದು ಕಾಫಿ ಕೊಯ್ಲು ಮುಗಿದು ಕೂಲಿ ನಿಂತ ತಿಂಗಳಲ್ಲಿ. ಇಂಥ ತಿಳಿವಳಿಕೆಯನ್ನು ಯಾವ ಕಾಯಿದೆಯೂ ಹಿಂತಿರುಗಿಸು ಎಂದು ಕೇಳುವುದಿಲ್ಲ. ಅದು ನಮ್ಮ ಬಳಿಯೇ ಉಳಿಯುತ್ತದೆ.

ಅದನ್ನು ಬಳಸುವ ಕೆಲಸಗಳು ಈಗ ಹಲವಿವೆ. ಕೂತು ಮಾಡುವ ಕೆಲಸ ಬೇಕೆಂದವರಿಗೆ ವಿಮಾ ಕಂಪನಿಗಳು, ಅವುಗಳ ಪರವಾಗಿ ಕ್ಲೇಮು ನೋಡುವ ಸಂಸ್ಥೆಗಳು ಇವೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಸರ್ಕಾರಿ ಯೋಜನೆಗಳಲ್ಲೂ ಈ ಚಿಕಿತ್ಸೆ ಬೇಕಿತ್ತೇ, ಈ ದರ ಸರಿಯೇ ಎಂದು ಪರಿಶೀಲಿಸಲು ವೈದ್ಯರ ಕಣ್ಣು ಬೇಕು. ಆಸ್ಪತ್ರೆಗಳ ಗುಣಮಟ್ಟ ತಪಾಸಣೆಗೆ ಅನುಭವಸ್ಥರನ್ನು ಕರೆಯುತ್ತಾರೆ. ಹೊಸ ಔಷಧಿಗಳ ಪ್ರಯೋಗ ನಡೆಯುವ ಕಡೆ ನೈತಿಕ ಸಮಿತಿ ಇರಲೇಬೇಕೆಂದು 2019ರ ನಿಯಮಗಳು ಹೇಳುತ್ತವೆ. ಆ ಸಮಿತಿಯಲ್ಲಿ ಕಾನೂನು ಬಲ್ಲವರ ಜೊತೆ, ಜನಸಾಮಾನ್ಯರ ಪರ ಮಾತಾಡುವವರ ಜೊತೆ ವೈದ್ಯರೂ ಕೂರಬೇಕು. 1995ರಲ್ಲಿ ಸುಪ್ರೀಂ ಕೋರ್ಟು ವೈದ್ಯರ ಸೇವೆಯನ್ನು ಗ್ರಾಹಕ ಕಾಯಿದೆಯೊಳಗೆ ತಂದಿತು. 2005ರ ಜೇಕಬ್ ಮ್ಯಾಥ್ಯೂ ತೀರ್ಪು, ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವ ಮುನ್ನ ಸ್ವತಂತ್ರ ವೈದ್ಯರೊಬ್ಬರ ಅಭಿಪ್ರಾಯ ಪಡೆಯಬೇಕೆಂದಿತು. ಯಾರ ಹಂಗೂ ಇಲ್ಲದ, ಇನ್ನು ಯಾರಿಂದಲೂ ರೋಗಿಯ ಶಿಫಾರಸು ಬೇಕಿಲ್ಲದ ಹಿರಿಯ ವೈದ್ಯರು ಅಂಥ ಅಭಿಪ್ರಾಯ ಕೊಟ್ಟರೆ ಎರಡೂ ಕಡೆಯವರಿಗೆ ನ್ಯಾಯ ಸಿಗುತ್ತದೆ.

ಪಾಠ ಹೇಳುವುದು ಇನ್ನೊಂದು ದಾರಿ. ವೈದ್ಯಕೀಯ ಕಾಲೇಜಿನ ಅಧ್ಯಾಪಕರು 70 ವರ್ಷದವರೆಗೆ ಕೆಲಸದಲ್ಲಿರಬಹುದು. ನಮ್ಮ ಜಿಲ್ಲೆಗೆ 2006ರಲ್ಲಿ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಬಂದ ಮೇಲೆ ಆ ಅವಕಾಶ ಮನೆ ಬಾಗಿಲಿಗೇ ಬಂದಿದೆ. ಅಧ್ಯಾಪಕ ಹುದ್ದೆಗೆ ಬೇಕಾದ ಪದವಿ, ಅನುಭವ ಇಲ್ಲದ ತಾಲ್ಲೂಕು ಮಟ್ಟದ ವೈದ್ಯರೂ ಕಲಿಸಬಹುದಾದ್ದು ಬಹಳಷ್ಟಿದೆ. ಈಚಿನ ಎಂಬಿಬಿಎಸ್ ಪಠ್ಯಕ್ರಮದಲ್ಲಿ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯವನ್ನು ಹಲವು ವರ್ಷ ಗಮನಿಸಬೇಕು. ಹೊರರಾಜ್ಯದಿಂದ ಬಂದ ಹುಡುಗ, ಹುಡುಗಿಯರು ಹಳ್ಳಿಯ ಜಗಲಿಯಲ್ಲಿ ಕೂತು ಏನು ಕೇಳಬೇಕೆಂದು ತೋಚದೆ ನೋಟ್‌ಬುಕ್ ತಿರುವುತ್ತಿರುತ್ತಾರೆ. ಪಕ್ಕದಲ್ಲಿ ಆ ಊರಿನ ಮೂರು ತಲೆಮಾರು ಕಂಡ ವೈದ್ಯರೊಬ್ಬರು ಕೂತರೆ ಆ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಕಲಿಯುವುದು ದೊಡ್ಡದು.

ಫೋನಿನಲ್ಲಿ, ವಿಡಿಯೋದಲ್ಲಿ ರೋಗಿ ನೋಡುವುದಕ್ಕೂ ಈಗ ಸ್ಪಷ್ಟ ನಿಯಮಗಳಿವೆ. 2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಯಾವ ಔಷಧಿ ಬರೆಯಬಹುದು, ಯಾವುದನ್ನು ಬರೆಯಕೂಡದು ಎಂದು ಪಟ್ಟಿ ಮಾಡಿದೆ. ಇ–ಸಂಜೀವಿನಿಯ ಮೂಲಕ ಉಪಕೇಂದ್ರದ ಸಿಬ್ಬಂದಿ ರೋಗಿಯನ್ನು ಕೂರಿಸಿ ದೂರದ ವೈದ್ಯರಿಗೆ ತೋರಿಸುತ್ತಾರೆ. ಹೆತ್ತೂರು, ಯಸಳೂರು, ಬಿಸಿಲೆ ಕಡೆಯ ಹಳ್ಳಿಗಳಿಗೆ ಇದರ ಬೆಲೆ ಗೊತ್ತು. ಮಳೆಗಾಲದಲ್ಲಿ ದೋಣಿಗಾಲ್, ಮಾರನಹಳ್ಳಿ ಬಳಿ ಗುಡ್ಡ ಕುಸಿದು ಶಿರಾಡಿ ಘಾಟಿ ಮುಚ್ಚಿದಾಗ ಮಂಗಳೂರಿಗೆ ಹೊರಟ ರೋಗಿಯನ್ನು ಹಾಸನದ ಕಡೆಗೆ ತಿರುಗಿಸಬೇಕೇ, ಒಂದು ರಾತ್ರಿ ಇಲ್ಲೇ ಇರಿಸಿಕೊಂಡು ನೋಡಬಹುದೇ ಎಂದು ಹೇಳುವ ಹಿರಿಯ ಧ್ವನಿಯೊಂದು ಆ ತುದಿಯಲ್ಲಿದ್ದರೆ ಸಾಕು. ಸಿಗ್ನಲ್ ಸಿಗುವ ಗುಡ್ಡ ಹುಡುಕಿ ಮಾತಾಡಬೇಕಾದ ಊರುಗಳೂ ಇಲ್ಲಿವೆ ಎನ್ನುವುದನ್ನು ಮಾತ್ರ ಮರೆಯಬಾರದು.

ವೃತ್ತಿಯ ಗೋಡೆ ದಾಟಿ ಹೊರಗೆ ನಡೆದವರು ನಮ್ಮ ನಾಡಿನಲ್ಲಿ ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಡಾ. ಎಂ. ಶಿವರಾಂ ರೋಗಿಗಳನ್ನು ನೋಡುತ್ತಲೇ 1942ರಲ್ಲಿ ‘ಕೊರವಂಜಿ’ ಪತ್ರಿಕೆ ಆರಂಭಿಸಿ, ರಾಶಿ ಎಂಬ ಹೆಸರಿನಲ್ಲಿ ನಾಡಿಗೇ ನಗು ಹಂಚಿದರು. ಡಾ. ಅನುಪಮಾ ನಿರಂಜನ ‘ತಾಯಿ ಮಗು’ ಬರೆದು, ಕೇಳಲು ನಾಚುತ್ತಿದ್ದ ಹೆಣ್ಣುಮಕ್ಕಳಿಗೆ ಮನೆಯೊಳಗೇ ಉತ್ತರ ತಲುಪಿಸಿದರು. ನನ್ನ ಕ್ಲಿನಿಕ್ಕಿಗೆ ಬರುತ್ತಿದ್ದ ಎಷ್ಟೋ ತಾಯಂದಿರು ಆ ಪುಸ್ತಕ ಓದಿಕೊಂಡೇ ಬಂದಿರುತ್ತಿದ್ದರು. ಅವರ ಪ್ರಶ್ನೆಗಳಲ್ಲಿ ಭಯ ಕಡಿಮೆ, ತಿಳಿವಳಿಕೆ ಹೆಚ್ಚು ಇರುತ್ತಿತ್ತು. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನಿಂದ ಹೋದ ಡಾ. ಸಿ.ಎನ್. ಮಂಜುನಾಥ್ 2024ರ ಜನವರಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಸ್ಥಾನದಿಂದ ನಿವೃತ್ತರಾಗಿ, ಅದೇ ವರ್ಷ ಲೋಕಸಭೆಗೆ ಆರಿಸಿ ಹೋದರು. ನನಗೆ ಮಾತ್ರ ಎಲ್ಲರಿಗಿಂತ ಹತ್ತಿರವೆನ್ನಿಸುವುದು ಡಾ. ಸಿ.ಆರ್. ಚಂದ್ರಶೇಖರ್ ಹಿಡಿದ ದಾರಿ. ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿ ದುಡಿದು, ಕನ್ನಡದಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆ ರಾಶಿ ಪುಸ್ತಕ ಬರೆದ ಅವರು ಬೆಂಗಳೂರಿನಲ್ಲಿ ‘ಸಮಾಧಾನ’ ಎಂಬ ಆಪ್ತ ಸಲಹಾ ಕೇಂದ್ರ ಕಟ್ಟಿದರು. ಅಲ್ಲಿ ಬಂದವರಿಗೆ ಸಲಹೆ ಉಚಿತ. ಜೊತೆಗೆ ವೈದ್ಯರಲ್ಲದ ಸಾಮಾನ್ಯ ಜನರಿಗೂ ಇನ್ನೊಬ್ಬರ ಕಷ್ಟ ಕೇಳುವುದು ಹೇಗೆಂದು ತರಬೇತಿ ಕೊಟ್ಟರು. ತನ್ನ ವಿದ್ಯೆಯನ್ನು ತನ್ನ ಕೈಯಲ್ಲೇ ಇಟ್ಟುಕೊಳ್ಳದೆ ಹತ್ತು ಜನರ ಕೈಗೆ ದಾಟಿಸುವುದು ನಿವೃತ್ತರಾದವರು ಮಾಡಬಹುದಾದ ಬಹಳ ದೊಡ್ಡ ಕೆಲಸ.

ನಾನು ಹೇಳಬೇಕೆಂದಿರುವ ದಾರಿಯೂ ಇಲ್ಲಿಂದಲೇ ಹೊರಡುತ್ತದೆ. ಗೊರೂರಿನ ಅಣೆಕಟ್ಟೆಯ ಮೇಲೆ ನಿಂತವರಿಗೆ ಹೇಮಾವತಿಯಲ್ಲಿ ಎಷ್ಟು ನೀರು ಬಂತೆಂದು ತಿಳಿಯುತ್ತದೆ. ಯಾವ ಗುಡ್ಡದಲ್ಲಿ ಮಳೆ ಬಿತ್ತೆಂದು ನೋಡಬೇಕಾದರೆ ಹೊಳೆ ಹಿಡಿದು ಮೇಲಕ್ಕೆ, ಮೂಡಿಗೆರೆ ಸೀಮೆಯ ಜಾವಳಿ ಕಡೆಗೆ ಹತ್ತಬೇಕು. ಕ್ಲಿನಿಕ್ಕಿನಲ್ಲಿ ಕೂತ ವೈದ್ಯರು ಅಣೆಕಟ್ಟೆಯ ಮೇಲೆ ನಿಂತವರು. ಕಾಯಿಲೆ ಹರಿದು ಬಂದು ಮೇಜಿನ ಮುಂದೆ ಕೂರುತ್ತದೆ. ಹೊರಗೆ ಬೆಂಚಿನ ತುಂಬ ಜನ. ಎದ್ದು ಮೇಲಕ್ಕೆ ಹತ್ತಿ ನೋಡಲು ಬಿಡುವಿಲ್ಲ. ಬೋರ್ಡು ಇಳಿಸಿದ ದಿನ ಆ ಬಿಡುವು ಸಿಗುತ್ತದೆ. ಕಾಯಿಲೆ ಹುಟ್ಟುವ ಜಾಗಕ್ಕೆ ನಡೆದು ಹೋಗುವುದಕ್ಕೆ ವೈದ್ಯರಿಗೆ ಬದುಕಿನಲ್ಲಿ ಮೊದಲ ಬಾರಿ ಸಮಯ ಸಿಗುವುದು ನಿವೃತ್ತಿಯಲ್ಲೇ.

ಹೋದರೆ ಏನು ಕಾಣುತ್ತದೆ? ತೋಟವೊಂದರ ಕೂಲಿಯವರ ಲೈನ್ ಮನೆಯಲ್ಲಿ ಬೆಳಗಿನ ಹೊತ್ತು ನಾನು ಕಂಡದ್ದನ್ನು ಹೇಳುತ್ತೇನೆ. ಬಸುರಿ ಹೆಂಗಸು, ಮುಖ ಬಿಳಿಚಿದೆ. ಆಶಾ ಕಾರ್ಯಕರ್ತೆ ಕೊಟ್ಟ ಕಬ್ಬಿಣದ ಮಾತ್ರೆಯ ಹಾಳೆ ಗೋಡೆಯ ಗೂಡಿನಲ್ಲಿದೆ. ಆಕೆ ಒಂದು ದಿನವೂ ತಪ್ಪಿಸಿಲ್ಲ. ಹಾಳೆ ನೋಡಿದರೇ ಗೊತ್ತಾಗುತ್ತದೆ, ಗುಳಿಗಳು ಸಾಲಾಗಿ ಖಾಲಿ. ಆದರೂ ಹಿಮೋಗ್ಲೋಬಿನ್ ಏರಿಲ್ಲ. ಮಾತಾಡುತ್ತಿದ್ದಂತೆ ಆಕೆ ಒಲೆಯ ಮೇಲಿಂದ ಬೆಲ್ಲದ ಕರಿಕಾಫಿ ಬಗ್ಗಿಸಿ, ಮಾತ್ರೆ ಬಾಯಿಗೆ ಹಾಕಿ, ಬಿಸಿ ಬಿಸಿ ಕಾಫಿಯಲ್ಲೇ ನುಂಗಿದಳು. ಕಾಫಿ, ಟೀ ಎರಡೂ ಕಬ್ಬಿಣಾಂಶ ಮೈಗೆ ಹತ್ತದ ಹಾಗೆ ತಡೆಯುತ್ತವೆ. ಕಾಫಿ ಬೆಳೆಯುವ ನಾಡಿನಲ್ಲಿ ಬೆಳಗಿನ ಮೊದಲ ಗುಟುಕು ಕಾಫಿಯೇ ಆಗಿರುತ್ತದೆ, ಮಾತ್ರೆಯೂ ಅದರ ಜೊತೆಗೇ ಇಳಿಯುತ್ತದೆ. ‘ಮಾತ್ರೆ ತಗೋತೀಯಾ’ ಎಂಬ ಪ್ರಶ್ನೆಗೆ ಆಸ್ಪತ್ರೆಯಲ್ಲಿ ಆಕೆ ‘ಹೂಂ’ ಎಂದಿರುತ್ತಾಳೆ. ಅದು ನಿಜವೂ ಹೌದು. ಯಾವುದರ ಜೊತೆ ಎಂಬುದು ಒಲೆಯ ಮುಂದೆ ಕೂತವರಿಗೆ ಮಾತ್ರ ಕಾಣುತ್ತದೆ. ಮಾತ್ರೆಯನ್ನು ರಾತ್ರಿ ಊಟವಾಗಿ ಒಂದೆರಡು ಗಂಟೆ ಬಿಟ್ಟು, ನಿಂಬೆಹಣ್ಣು ಹಿಂಡಿದ ನೀರಿನಲ್ಲಿ ತೆಗೆದುಕೋ ಎಂದು ಹೇಳಲು ದೊಡ್ಡ ಆಸ್ಪತ್ರೆ ಬೇಡ.

ಇನ್ನು ಮೆಣಸು ಕೊಯ್ಲಿನ ಕಾಲ. ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಯ ತುದಿ ಮುಟ್ಟಬೇಕಾದರೆ ಉದ್ದನೆಯ ಏಣಿ ಬೇಕು. ಹಗುರವೆಂದು ಅಲ್ಯೂಮಿನಿಯಂ ಏಣಿ ಬಂತು. ಮರದಿಂದ ಮರಕ್ಕೆ ಅದನ್ನು ನೆಟ್ಟಗೆ ನಿಲ್ಲಿಸಿಕೊಂಡೇ ಹೊರುವಾಗ ಎಲೆಯ ಮರೆಯ ವಿದ್ಯುತ್ ತಂತಿಗೆ ತಗುಲಿ ಜೀವ ಹೋದ ಸುದ್ದಿ ನಮ್ಮ ಕಡೆಯಿಂದ, ಕೊಡಗಿನಿಂದ, ಚಿಕ್ಕಮಗಳೂರಿನಿಂದ ವರ್ಷ ವರ್ಷವೂ ಬರುತ್ತದೆ. ಬಿದ್ದು ಬೆನ್ನುಮೂಳೆ ಮುರಿದುಕೊಂಡವರ ಸುದ್ದಿ ಪತ್ರಿಕೆಗೂ ಬರುವುದಿಲ್ಲ. ಹಾಗೆ ಬಿದ್ದವರನ್ನು ಇಬ್ಬರು ತೋಳು, ಕಾಲು ಹಿಡಿದು ಎತ್ತಿ ಜೀಪಿನ ಹಿಂದೆ ಮಡಚಿ ಕೂರಿಸುತ್ತಾರೆ. ಮುರಿದ ಮೂಳೆಯ ಚೂರು ನರಹುರಿಗೆ ಚುಚ್ಚಿದರೆ ಆ ಕಾಲು ಮತ್ತೆ ಏಳುವುದಿಲ್ಲ. ಬಾಗಿಲ ಹಲಗೆಯೊಂದನ್ನು ತಂದು, ಕುತ್ತಿಗೆ ಅಲುಗದಂತೆ ಹಿಡಿದು, ನಾಲ್ಕು ಜನ ಒಟ್ಟಿಗೆ ಎತ್ತಿ ಮಲಗಿಸುವುದನ್ನು ಕೊಯ್ಲಿಗೆ ಮುಂಚೆ ಒಂದು ಸಂಜೆ ಕಣದಲ್ಲಿ ಮಾಡಿ ತೋರಿಸಬಹುದು. ಮೇಸ್ತ್ರಿ, ರೈಟರು, ಅಸ್ಸಾಮಿನಿಂದ ಬಂದ ಹುಡುಗರು ಎಲ್ಲರೂ ಮುಂದೆ ಬಂದು ಕಲಿಯುತ್ತಾರೆ. ತಂತಿ ಹಾದ ಸಾಲಿನಲ್ಲಿ ಅಲ್ಯೂಮಿನಿಯಂ ಬೇಡ, ಬಿದಿರಿನ ಏಣಿ ಇರಲಿ ಎಂದು ತೋಟದವರಿಗೆ ಹೇಳುವ ಮಾತಿಗೂ ಡಾಕ್ಟರ ಬಾಯಿಂದ ಬಂದರೆ ತೂಕ ಬೇರೆ.

1951ರ ತೋಟ ಕಾರ್ಮಿಕರ ಕಾಯಿದೆ ದೊಡ್ಡ ತೋಟಗಳಿಗೆ ವೈದ್ಯಕೀಯ ಸೌಲಭ್ಯ, ಕುಡಿಯುವ ನೀರು, ಶಿಶುವಿಹಾರ ಎಲ್ಲವನ್ನೂ ಕಡ್ಡಾಯ ಮಾಡಿತು. ಹಾಗೆ ಎಸ್ಟೇಟಿಗೆ ಒಬ್ಬ ಡಾಕ್ಟರು, ಒಂದು ಡಿಸ್ಪೆನ್ಸರಿ ಎಂಬ ಪದ್ಧತಿ ಬೇರೂರಿತು. ಆದರೆ ನಮ್ಮಲ್ಲಿ ಕಾಫಿ ಬೆಳೆಯುವವರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ಐದಾರು ಎಕರೆಯ ತೋಟದವರು ಪ್ರತ್ಯೇಕ ಡಾಕ್ಟರನ್ನು ಇಟ್ಟುಕೊಳ್ಳಲಾರರು. ಒಂದು ಹೋಬಳಿಯ ಸಣ್ಣ ಬೆಳೆಗಾರರು ಕೂಡಿ, ತಮ್ಮ ಬೆಳೆಗಾರರ ಸಂಘದ ಮೂಲಕವೇ ನಿವೃತ್ತ ವೈದ್ಯರೊಬ್ಬರನ್ನು ತಿಂಗಳಿಗಿಷ್ಟು ದಿನವೆಂದು ಕರೆಸಿಕೊಂಡರೆ ಯಾರಿಗೂ ಹೊರೆಯಾಗುವುದಿಲ್ಲ.

ಹಾವಿನ ವಿಷಯ ಬಿಡುವಂತಿಲ್ಲ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಅದೇ ವರ್ಷ ಕೇಂದ್ರ ಸರ್ಕಾರ 2030ರೊಳಗೆ ಹಾವು ಕಡಿತದ ಸಾವನ್ನು ಅರ್ಧಕ್ಕೆ ಇಳಿಸುವ ಯೋಜನೆ ತಂದಿತು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕಕ್ಕೆ ಮಾತ್ರ. ಕಾಫಿ ತೋಟದ ತರಗೆಲೆಯಲ್ಲಿ ತರಗೆಲೆಯ ಬಣ್ಣದಲ್ಲೇ ಮಲಗಿರುವ, ಮೂತಿ ಮೇಲೆತ್ತಿದ ಸಣ್ಣ ಗುಳಿಮಂಡಲಕ್ಕೆ ಅದು ನಾಟುವುದಿಲ್ಲ. ಆದ್ದರಿಂದ ಯಾವ ಹಾವು ಎಂದು ತಿಳಿಯುವುದಕ್ಕೆ ಬೆಲೆ ಇದೆ. ಹಾಗೆಂದು ಹಾವನ್ನು ಅಟ್ಟಿಸಿಕೊಂಡು ಹೋಗಿ ಹೊಡೆಯಬೇಕಿಲ್ಲ, ದೂರದಿಂದ ಒಂದು ಫೋಟೋ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಹೊತ್ತು ಕಳೆಯಬಾರದು. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಕಚ್ಚಿದ ಕೈಕಾಲು ಅಲುಗಾಡಿಸಬೇಡಿ, ನಾಟಿ ಮದ್ದಿಗೆಂದು ನಿಲ್ಲದೆ ನೇರ ಆಸ್ಪತ್ರೆಗೆ ಬನ್ನಿ ಎಂಬ ಇಷ್ಟು ಮಾತನ್ನು ಪ್ರತಿ ಲೈನ್ ಮನೆಯ ಮಕ್ಕಳಿಗೂ ಬಾಯಿಪಾಠ ಮಾಡಿಸಬಹುದು.

ಊರು ಬಲ್ಲ ವೈದ್ಯರು ಬೇಕು ಎನ್ನುವುದಕ್ಕೆ ಇನ್ನೊಂದು ಕಾರಣ ಆನೆ. ಸಕ್ಕರೆ ಕಾಯಿಲೆಯವರಿಗೆ ಎಲ್ಲ ಊರಿನ ಡಾಕ್ಟರೂ ಹೇಳುವ ಮಾತು, ‘ಬೆಳಗ್ಗೆ ಬೇಗ ಎದ್ದು ಅರ್ಧ ಗಂಟೆ ನಡೀರಿ.’ ಆಲೂರಿನ ಪಾಳ್ಯ, ಮಗ್ಗೆ ಕಡೆಯಲ್ಲಿ, ಸಕಲೇಶಪುರದ ಯಸಳೂರು ಕಡೆಯಲ್ಲಿ ಕತ್ತಲು ಹರಿಯುವ ಮುಂಚೆ ರಸ್ತೆಗೆ ಇಳಿಯುವುದೆಂದರೆ ಜೀವ ಕೈಯಲ್ಲಿ ಹಿಡಿದ ಹಾಗೆ. ದಸರಾದ ಅಂಬಾರಿ ಹೊತ್ತ ಅರ್ಜುನನೇ 2023ರ ಡಿಸೆಂಬರಿನಲ್ಲಿ ಯಸಳೂರು ಕಾಡಿನಲ್ಲಿ ಕಾಡಾನೆಯೊಂದಿಗೆ ಕಾದಾಡಿ ಸತ್ತ. ಇಲ್ಲಿನವರಿಗೆ ಇಂದು ಆನೆ ಹಿಂಡು ಯಾವ ತೋಟದಲ್ಲಿದೆ ಎಂಬುದು ಮೊದಲ ಸುದ್ದಿ. ಇಂಥ ಕಡೆ ವ್ಯಾಯಾಮ ಹೇಳುವವರು ಬಿಸಿಲೇರಿದ ಮೇಲೆ ಮನೆ ಮುಂದಿನ ಕಣದಲ್ಲೇ ಸುತ್ತು ಹಾಕಿ ಎಂದು ಹೇಳಬೇಕು. ಆನೆ ತುಳಿದು ಮನೆಯವರನ್ನು ಕಳೆದುಕೊಂಡವರಿಗೆ ಪರಿಹಾರದ ಚೆಕ್ಕು ಬರುತ್ತದೆ. ರಾತ್ರಿ ಕೊಂಬೆ ಮುರಿದ ಸದ್ದಿಗೇ ಬೆವೆತು ಏಳುವ ಆ ಮನೆಯ ಹೆಂಗಸಿನ ಬಳಿ ಕೂರುವವರು ಯಾರು? ಇದಕ್ಕೆ 14416 ಸಂಖ್ಯೆಯ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. ಅದಕ್ಕೆ ಫೋನ್ ಮಾಡಬಹುದು ಎಂದು ಪಕ್ಕದಲ್ಲಿ ಕೂತು ಧೈರ್ಯ ಹೇಳುವ ಪರಿಚಿತ ಮುಖವೂ ಬೇಕು.

ಕೊನೆಯದಾಗಿ, ಗುಣವಾಗದವರು. ಬೆಂಗಳೂರಿನ ಕಿದ್ವಾಯಿಯಿಂದಲೋ ಮಂಗಳೂರಿನಿಂದಲೋ ‘ಇನ್ನು ಮನೆಯಲ್ಲೇ ನೋಡಿಕೊಳ್ಳಿ’ ಎಂದು ಕಳಿಸಿದ ಕ್ಯಾನ್ಸರ್ ರೋಗಿಯೊಬ್ಬರು ಹಾನುಬಾಳಿನ ಆಚೆ ಒಂದು ಒಂಟಿ ಮನೆಯಲ್ಲಿ ಮಲಗಿದ್ದರೆ, ಅವರ ನೋವಿಗೆ, ಹುಣ್ಣಿನ ವಾಸನೆಗೆ, ಮಲಬದ್ಧತೆಗೆ, ಹೆಂಡತಿಯ ನಿದ್ದೆಗೇಡಿಗೆ ದಿಕ್ಕು ಯಾರು? ಕೇರಳದವರು 1990ರ ದಶಕದಲ್ಲಿ ಕೋಯಿಕ್ಕೋಡಿನಿಂದ ಆರಂಭಿಸಿ, ಡಾಕ್ಟರು, ನರ್ಸು, ಅಕ್ಕಪಕ್ಕದವರು ಸೇರಿ ಮನೆ ಮನೆಗೆ ಹೋಗುವ ಉಪಶಾಮಕ ಆರೈಕೆಯ ಜಾಲವನ್ನೇ ಕಟ್ಟಿದರು. ಮಾರ್ಫಿನ್ ಸಿಗುವುದಕ್ಕಿದ್ದ ಕಾನೂನಿನ ತೊಡಕನ್ನು ಕೇಂದ್ರ ಸರ್ಕಾರ 2014ರ ತಿದ್ದುಪಡಿಯಲ್ಲಿ ಸಡಿಲಿಸಿತು. ಈ ಕೆಲಸಕ್ಕೆ ಓಡುವ ಕಾಲು, ನಡುಗದ ಕೈ ಬೇಕಿಲ್ಲ. ಅವಸರವಿಲ್ಲದೆ ಮಂಚದ ಪಕ್ಕ ಕೂರುವ ತಾಳ್ಮೆ, ಸಾವಿನ ಮಾತನ್ನು ಹೆದರದೆ ಆಡುವ ವಯಸ್ಸು ಬೇಕು. ಅವೆರಡೂ ನಮಗೆ ಈಗ ಬಂದಿವೆ. ಸಾವಿರಾರು ಮಕ್ಕಳನ್ನು ಈ ಲೋಕಕ್ಕೆ ಬರಮಾಡಿಕೊಂಡವರಿಗೆ ಹೊರಡುವವರ ಪಕ್ಕ ಕೂರುವುದೂ ಸಲ್ಲಬೇಕಾದ ಕೆಲಸವೇ.

ಈ ಕೆಲಸಗಳಿಗೂ ಶಿಸ್ತು ಬೇಕು. ಒಂದು ಮಾತ್ರೆ ಬರೆಯುವುದಾದರೂ ವೈದ್ಯಕೀಯ ಪರಿಷತ್ತಿನ ನೋಂದಣಿ ಜೀವಂತವಾಗಿರಬೇಕು. ಐದು ವರ್ಷಕ್ಕೆ 30 ಗಂಟೆಯಾದರೂ ಹೊಸದನ್ನು ಕಲಿಯಬೇಕೆಂದು 2002ರ ವೃತ್ತಿನಿಯಮ ಹೇಳಿದ್ದು ನಮ್ಮ ವಯಸ್ಸಿನವರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಸಂತೆಯಲ್ಲಿ ನಿಂತು ಔಷಧಿ ಬದಲಾಯಿಸಬಾರದು. ಆ ಅಜ್ಜಿಯ ಇಸಿಜಿ ಬಿಡಿಸಿ ನೋಡಿ, ಯಾರು ಚಿಕಿತ್ಸೆ ಕೊಡುತ್ತಿದ್ದಾರೋ ಅವರ ಬಳಿಗೇ ಕಳಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ಯುವ ವೈದ್ಯರ ಮಾತಿನ ಮೇಲೆ ಮಾತಾಡಬಾರದು. ಅವರಿಗೆ, ಸಕಲೇಶಪುರದ ಕ್ರಾಫರ್ಡ್ ಸರ್ಕಾರಿ ಆಸ್ಪತ್ರೆಯವರಿಗೆ, ಆಶಾ ಕಾರ್ಯಕರ್ತೆಯರಿಗೆ ಕೈ ಜೋಡಿಸಬೇಕು. ನಾವು ಲೈನ್ ಮನೆಯಲ್ಲಿ ಕಂಡದ್ದು ಅವರ ಕಡತ ಸೇರಿದರೆ ಮಾತ್ರ ಫಲ.

ಹಣದ ಮಾತನ್ನೂ ಮುಚ್ಚಿಡಬೇಕಿಲ್ಲ. ಖಾಸಗಿ ವೈದ್ಯರಿಗೆ ಪಿಂಚಣಿ ಇಲ್ಲ. ಸಣ್ಣ ಊರಿನಲ್ಲಿ ಸಣ್ಣ ಫೀಸಿಗೆ ದುಡಿದವರಲ್ಲಿ ಅನೇಕರಿಗೆ ನಿವೃತ್ತಿಯ ಮೇಲೂ ಆದಾಯ ಬೇಕೇ ಬೇಕು. ಅಂಥವರು ವಾರದಲ್ಲಿ ಕೆಲವು ದಿನ ಕ್ಲೇಮು ಪರಿಶೀಲನೆಯೋ ಸರ್ಕಾರದ ‘ನಮ್ಮ ಕ್ಲಿನಿಕ್’ಗಳ ಗುತ್ತಿಗೆ ಕೆಲಸವೋ ಮಾಡಿ, ಉಳಿದ ಒಂದು ದಿನ ಗುಡ್ಡ ಹತ್ತಿದರೆ ಸಾಕು. ಸೇವೆ ಎಂಬ ಹೆಸರಿನಲ್ಲಿ ಬರಿಗೈಯಲ್ಲಿ ದುಡಿಸುವುದು ಬೇಡ. ಓಡಾಟದ ಖರ್ಚು, ಒಂದು ಗೌರವಧನ ಕೊಡುವುದು ಕರೆದವರ ಧರ್ಮ.

ಈ ಬೆಟ್ಟಸಾಲಿನಲ್ಲಿ ಮನೆ ಇರುವ, ಇಲ್ಲೇ ಹುಟ್ಟಿ ಬೇರೆಡೆ ದುಡಿದು ಈಗ ಹಿಂತಿರುಗಿರುವ ವೈದ್ಯರಿಗೆ ನನ್ನದೊಂದು ಬಿನ್ನಹ. ಈ ಮಳೆಗಾಲ ಮುಗಿದು ಕೊಯ್ಲು ಶುರುವಾಗುವ ಮುನ್ನ ನಿಮ್ಮ ಹತ್ತಿರದ ಒಂದೇ ಒಂದು ತೋಟದ ಲೈನ್ ಮನೆಗಳಿಗೆ ಹೋಗಿ. ಸ್ಟೆತಾಸ್ಕೋಪು ಚೀಲದಲ್ಲೇ ಇರಲಿ. ನೀರು ಎಲ್ಲಿಂದ ಬರುತ್ತದೆ, ಏಣಿ ಯಾವುದು, ರಾತ್ರಿ ಹೊರಗೆ ಹೋಗುವಾಗ ಟಾರ್ಚು ಇದೆಯೇ, ಮಾತ್ರೆ ಯಾವುದರ ಜೊತೆ ನುಂಗುತ್ತಾರೆ ಎಂದು ಕೇಳಿ. ಕೇಳಿದ್ದನ್ನು ಬರೆದು ಆರೋಗ್ಯ ಕೇಂದ್ರಕ್ಕೂ ತೋಟದ ಯಜಮಾನರಿಗೂ ಒಂದೊಂದು ಪ್ರತಿ ಕೊಡಿ. ನಮ್ಮನ್ನು ಓದಿಸಿದ್ದು ಈ ಜನರ ತೆರಿಗೆ, ನಮಗೆ ಕೈಪಳಗಿಸಿದ್ದು ಈ ಜನರ ದೇಹ. ಇಷ್ಟು ವರ್ಷ ಅವರು ಘಾಟಿ ಇಳಿದು, ಹೊಳೆ ದಾಟಿ, ಕಾಯಿಲೆ ಹೊತ್ತುಕೊಂಡು ನಮ್ಮ ಬಾಗಿಲಿಗೆ ಬಂದರು. ಇನ್ನು ಮುಂದೆ ಅವರ ಬಾಗಿಲಿಗೆ, ಕಾಯಿಲೆಗಿಂತ ಮೊದಲೇ ತಲುಪುವ ಸರದಿ ನಮ್ಮದು.